ಮನೆಯ ವಿಮೆ: ಕಂತು ಏರುವುದೇಕೆ, ಇಳಿಯುವುದೇಕೆ?

ಕಳೆದ ಮಹಾಸಭೆಯ ದಿನ ಗೊಬ್ಬರದ ದಾಸ್ತಾನು, ಮೆಣಸಿನ ಬಳ್ಳಿ ಮೊದಲಾದ ವಿಚಾರಗಳೆಲ್ಲ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಿದ್ದ ಹೊತ್ತಿನಲ್ಲಿ, ಹಿರಿಯ ಸದಸ್ಯರೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದು ಕೇಳಿದರು: "ಕಾರ್ಯದರ್ಶಿಗಳೇ, ನನ್ನ ಮನೆಗೂ ನನ್ನ ತಮ್ಮನ ಮನೆಗೂ ನಡುವೆ ಇರುವುದು ಒಂದು ಬೇಲಿ. ಮಳೆ ಒಂದೇ, ಗಾಳಿ ಒಂದೇ. ಆದರೆ ಮನೆಯ ವಿಮೆಗೆ ಅವನು ಕಟ್ಟುವ ಕಂತು ಕಡಿಮೆ, ನಾನು ಕಟ್ಟುವುದು ಅದರ ಎರಡರಷ್ಟು. ಇದು ಯಾವ ನ್ಯಾಯ?"

ನಮಗೆ ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಮಾರನೆಯ ವಾರ ಇಬ್ಬರ ಕಾಗದಗಳನ್ನೂ ತರಿಸಿ, ಸಂಘದ ಕಚೇರಿಯಲ್ಲಿ ಕುಳಿತು ಸಾಲುಸಾಲಾಗಿ ಓದಿದೆವು. ತಮ್ಮನವರು ಮನೆಯ ಅರ್ಧ ಬೆಲೆಗಷ್ಟೇ ವಿಮೆ ಮಾಡಿಸಿದ್ದರು. ಹಿಂದಿನ ವರ್ಷ ಪ್ರವಾಸಿಗರಿಗೆಂದು ಕಟ್ಟಿಸಿದ ಎರಡು ಕೋಣೆಗಳ ವಿಚಾರವನ್ನೇ ಬರೆಸಿರಲಿಲ್ಲ. ಅಣ್ಣನವರು ಮಾತ್ರ ಇದ್ದುದನ್ನು ಇದ್ದಂತೆ ಬರೆಸಿ, ಪೂರ್ತಿ ಬೆಲೆಗೆ ವಿಮೆ ಪಡೆದಿದ್ದರು. ಅನ್ಯಾಯವಾಯಿತೆಂದು ಕೊರಗುತ್ತಿದ್ದವರೇ ಕ್ಷೇಮವಾಗಿದ್ದರು. ಲಾಭವಾಯಿತೆಂದು ನೆಮ್ಮದಿಯಾಗಿದ್ದವರು ಅಪಾಯದಲ್ಲಿದ್ದರು. ಇದೇ ತಪ್ಪು ತಿಳಿವಳಿಕೆ ನಮ್ಮಲ್ಲಿ ಇನ್ನೂ ಅನೇಕರಿಗೆ ಇರಬಹುದೆಂದು ತೋರಿದ್ದರಿಂದ ಈ ಸಂಚಿಕೆಯಲ್ಲಿ ಆ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇವೆ.

ನಮ್ಮದೇ ಒಂದು ಪಾಠ

ಬೇರೆಯವರಿಗೆ ಬುದ್ಧಿ ಹೇಳುವ ಮೊದಲು ನಮ್ಮ ಮನೆಯ ಕಥೆಯನ್ನೇ ಹೇಳಿಬಿಡುವುದು ಲೇಸು. ಮನೆಯನ್ನು ದುರಸ್ತಿ ಮಾಡಿಸಲು ನಾವು ಒಂದು ಬ್ಯಾಂಕಿನಿಂದ 6 ಲಕ್ಷ ರೂಪಾಯಿ ಸಾಲ ತೆಗೆದಿದ್ದೆವು. ಸಾಲದ ಜೊತೆಗೇ ವಿಮೆಯೂ ಆಯಿತು. ಪ್ರತಿ ವರ್ಷ ಕಂತು ಖಾತೆಯಿಂದ ಕಡಿತವಾಗುತ್ತಿತ್ತು. ನಾವು ಪಾಲಿಸಿಯನ್ನು ಒಮ್ಮೆಯೂ ಬಿಚ್ಚಿ ಓದಲಿಲ್ಲ. 2019ರ ಆಗಸ್ಟ್ ತಿಂಗಳ ಬಿರುಗಾಳಿಗೆ ಮನೆಯ ಹಿಂದಿದ್ದ ಸಿಲ್ವರ್ ಮರವೊಂದು ಬುಡಸಹಿತ ಉರುಳಿ ಅಡುಗೆಮನೆಯ ಮೇಲೆ ಬಿತ್ತು. ಹೆಂಚು, ರೀಪು, ಪಕಾಸಿಗಳ ಜೊತೆಗೆ ಒಂದು ಗೋಡೆಯೂ ಹೋಯಿತು. ರಿಪೇರಿಗೆ ತಗಲಿದ್ದು 3 ಲಕ್ಷ. ವಿಮೆ 6 ಲಕ್ಷಕ್ಕೆ ಇದೆ, 3 ಲಕ್ಷ ಪೂರ್ತಿ ಬರುತ್ತದೆಂದು ನಾವು ನಿಶ್ಚಿಂತರಾಗಿದ್ದೆವು.

ಬಂದದ್ದು 1 ಲಕ್ಷಕ್ಕೂ ಕಡಿಮೆ. ಸರ್ವೇಯರ್ ಬಂದು ಅಳತೆ ಮಾಡಿ, ಇಡೀ ಮನೆಯನ್ನು ಹೊಸದಾಗಿ ಕಟ್ಟಲು 18 ಲಕ್ಷ ಬೇಕೆಂದು ಲೆಕ್ಕ ಹಾಕಿದರು. 18 ಲಕ್ಷದ ಮನೆಗೆ 6 ಲಕ್ಷದ ವಿಮೆ ಎಂದರೆ ಮೂರರಲ್ಲಿ ಒಂದು ಪಾಲು. ಆದ್ದರಿಂದ ನಷ್ಟದಲ್ಲಿಯೂ ಮೂರರಲ್ಲಿ ಒಂದು ಪಾಲು ಮಾತ್ರ. ಅದರಲ್ಲಿಯೂ ನಾವೇ ಹೊರಬೇಕಾದ ಸಣ್ಣ ಮೊತ್ತ ಕಳೆದು ಉಳಿದದ್ದು. ಬ್ಯಾಂಕಿನವರು ತಮ್ಮ ಸಾಲದ ಮಟ್ಟಿಗೆ ವಿಮೆ ಮಾಡಿಸಿದ್ದರು, ನಾವು ಅದನ್ನೇ ಮನೆಯ ವಿಮೆ ಎಂದು ನಂಬಿದ್ದೆವು. ಯಾರೂ ಮೋಸ ಮಾಡಲಿಲ್ಲ. ಎಲ್ಲವೂ ಪಾಲಿಸಿಯಲ್ಲಿ ಅಚ್ಚಾಗಿಯೇ ಇತ್ತು. ಸಂಘದ ಬೈಲಾ ಓದುವ ನಾವು ಮನೆಯ ಪಾಲಿಸಿ ಓದಲಿಲ್ಲ.

ಇಂಥ ಸಾಲದ ವಿಮೆ ಸಾಲ ತೀರಿದ ದಿನವೇ ನಿಂತುಹೋಗುವುದೂ ಉಂಟು. ಸಾಲ ತೀರಿಸಿದ ಸದಸ್ಯರು ತಮ್ಮ ಮನೆಗೆ ಈಗ ವಿಮೆ ಇದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

ದರ ಗೊತ್ತುಮಾಡುವವರು ಯಾರು?

1973ರ ಜನವರಿ 1ರಂದು ಸಾಮಾನ್ಯ ವಿಮೆ ರಾಷ್ಟ್ರೀಕರಣವಾದ ಮೇಲೆ ನ್ಯಾಷನಲ್, ನ್ಯೂ ಇಂಡಿಯಾ, ಓರಿಯಂಟಲ್, ಯುನೈಟೆಡ್ ಇಂಡಿಯಾ ಎಂಬ ನಾಲ್ಕು ಸರ್ಕಾರಿ ಕಂಪೆನಿಗಳು ಮಾತ್ರ ಉಳಿದಿದ್ದವು. ಬೆಂಕಿ ವಿಮೆಯ ದರಪಟ್ಟಿಯನ್ನು ದರ ಸಲಹಾ ಸಮಿತಿ ನಿಗದಿ ಮಾಡುತ್ತಿತ್ತು. ಎಲ್ಲಿ ಕೇಳಿದರೂ ಒಂದೇ ದರ. 2000ದಿಂದೀಚೆಗೆ ಖಾಸಗಿ ಕಂಪೆನಿಗಳು ಬಂದವು. 2007ರ ಜನವರಿ 1ರಿಂದ ಆ ದರಪಟ್ಟಿಯೂ ಸಡಿಲವಾಯಿತು. ಈಗ ಒಂದೊಂದು ಕಂಪೆನಿ ಒಂದೊಂದು ದರ ಹೇಳಬಹುದು.

ಎರಡನೆಯ ಮುಖ್ಯ ಬದಲಾವಣೆ 2021ರ ಏಪ್ರಿಲ್ 1ರಂದು ಆಯಿತು. ವಿಮಾ ನಿಯಂತ್ರಣ ಪ್ರಾಧಿಕಾರವು 'ಭಾರತ್ ಗೃಹ ರಕ್ಷಾ' ಎಂಬ ಮಾದರಿ ಪಾಲಿಸಿಯನ್ನು ಜಾರಿಗೆ ತಂದಿತು. ಇದರ ಷರತ್ತುಗಳು ಎಲ್ಲ ಕಂಪೆನಿಗಳಲ್ಲಿಯೂ ಒಂದೇ. ದರ ಮಾತ್ರ ಬೇರೆಬೇರೆ. ಮಾಲು ಒಂದೇ, ಅಂಗಡಿ ಬೇರೆ ಎಂದಮೇಲೆ ಎರಡು ಮೂರು ಕಡೆ ವಿಚಾರಿಸಿ ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಕಾಫಿ ಮಾರುವಾಗ ಮೂರು ವ್ಯಾಪಾರಿಗಳನ್ನು ಕೇಳುವ ನಾವು ವಿಮೆ ಕೊಳ್ಳುವಾಗ ಮಾತ್ರ ಒಬ್ಬರನ್ನೇ ಕೇಳಿ ಸುಮ್ಮನಾಗುತ್ತೇವೆ.

ಬೆಳೆ ವಿಮೆಗೂ ಇದಕ್ಕೂ ಇರುವ ವ್ಯತ್ಯಾಸವನ್ನೂ ಗಮನಿಸಬೇಕು. ಅಡಿಕೆ, ಕರಿಮೆಣಸುಗಳ ಹವಾಮಾನ ಆಧಾರಿತ ವಿಮೆಯಲ್ಲಿ ಬೆಳೆಗಾರನ ಪಾಲು ವಿಮಾ ಮೊತ್ತದ ಶೇ. 5 ಮಾತ್ರ; ಮಿಕ್ಕದ್ದನ್ನು ಸರ್ಕಾರಗಳು ಭರಿಸುತ್ತವೆ. ಮನೆಯ ವಿಮೆಗೆ ಅಂಥ ಸಹಾಯಧನವಿಲ್ಲ. ಕಂತೂ ನಮ್ಮದೇ, ಅದರ ಮೇಲಿನ ಶೇ. 18 ಜಿಎಸ್‌ಟಿಯೂ ನಮ್ಮದೇ.

ಕಂತನ್ನು ನಿರ್ಧರಿಸುವ ಅಂಶಗಳು

1. ವಿಮಾ ಮೊತ್ತ. ಕಂತಿನ ಬೇರು ಇದು. ಸಾವಿರ ರೂಪಾಯಿಗೆ ಇಷ್ಟು ಪೈಸೆ ಎಂದು ಲೆಕ್ಕ. ವಿಮೆ ಮಾಡಿಸಬೇಕಾದದ್ದು ಮನೆಯನ್ನು ಇಂದು ಹೊಸದಾಗಿ ಕಟ್ಟಲು ತಗಲುವ ಖರ್ಚಿಗೆ. ಜಾಗದ ಬೆಲೆಗಲ್ಲ, ತೋಟದ ಬೆಲೆಗಲ್ಲ, ಅಜ್ಜ ಕಟ್ಟಿಸಿದಾಗ ತಗಲಿದ ಖರ್ಚಿಗೂ ಅಲ್ಲ. ಮನೆಯ ಚದರಡಿಯನ್ನು ಈಗ ನಡೆಯುವ ಕಟ್ಟಡದ ದರದಿಂದ ಗುಣಿಸಿದರೆ ಆಯಿತು. ಉದಾಹರಣೆಗೆ, 1,200 ಚದರಡಿಯ ಮನೆ, ಚದರಡಿಗೆ 2,000 ರೂಪಾಯಿ ಎಂದಿಟ್ಟುಕೊಂಡರೆ 24 ಲಕ್ಷ. ಲೆಕ್ಕದ ಅನುಕೂಲಕ್ಕೆಂದು ಸಾವಿರಕ್ಕೆ 50 ಪೈಸೆ ದರ ಹಿಡಿದರೆ ವರ್ಷದ ಕಂತು 1,200 ರೂಪಾಯಿ, ತೆರಿಗೆ 216, ಒಟ್ಟು 1,416. ಇದೇ ಮನೆಯನ್ನು 12 ಲಕ್ಷಕ್ಕೆ ಬರೆಸಿದರೆ 708 ರೂಪಾಯಿ. ಉಳಿತಾಯವಾದದ್ದು ಒಂದೆರಡು ಆಳಿನ ದಿನಗೂಲಿಯಷ್ಟು. ಕಳೆದುಕೊಂಡದ್ದು 12 ಲಕ್ಷದ ಆಸರೆ.

ನಮಗೆ ಪೆಟ್ಟು ಕೊಟ್ಟ 'ಪಾಲಿನ ಲೆಕ್ಕ' ಗೃಹ ರಕ್ಷಾ ಪಾಲಿಸಿಯಲ್ಲಿ ಇಲ್ಲ. ಇದು ದೊಡ್ಡ ಉಪಕಾರ. ಆದರೂ ಮನೆ ಪೂರ್ತಿ ನೆಲಸಮವಾದರೆ ಸಿಗುವುದು ಬರೆಸಿದ ಮೊತ್ತದವರೆಗೆ ಮಾತ್ರ ಎಂಬುದನ್ನು ಮರೆಯಬಾರದು. ಹಾಗೆಯೇ ವಿಸ್ತೀರ್ಣವನ್ನು ಬೇಕೆಂದೇ ಕಡಿಮೆ ಬರೆಸಿದರೆ ಆ ಉಪಕಾರವನ್ನು ನಂಬಿ ಕೂರುವಂತಿಲ್ಲ. ಹಲವು ವರ್ಷಗಳಿಗೆ, ಗರಿಷ್ಠ 10 ವರ್ಷಗಳವರೆಗೆ, ಒಟ್ಟಿಗೆ ಪಾಲಿಸಿ ಪಡೆಯಬಹುದು. ಆಗ ವಿಮಾ ಮೊತ್ತವು ವರ್ಷಕ್ಕೆ ಮೂಲದ ಶೇ. 10ರಂತೆ ತಾನೇ ಏರುತ್ತ ಹೋಗುತ್ತದೆ. ಸಿಮೆಂಟು, ಮರಳು, ಗಾರೆ ಕೆಲಸದವರ ಕೂಲಿ ಏರುವ ಈ ಕಾಲದಲ್ಲಿ ಇದು ಉಪಯುಕ್ತ.

2. ಕಟ್ಟಡದ ಬಗೆ. ಇಟ್ಟಿಗೆ ಅಥವಾ ಕಲ್ಲಿನ ಗೋಡೆ, ಆರ್‌ಸಿಸಿ ತಾರಸಿ ಇದ್ದರೆ ಬೆಂಕಿಯ ಭಯ ಕಡಿಮೆ. ಹುಲ್ಲು, ಸೋಗೆ, ಬಿದಿರು, ಹಲಗೆ, ಟಾರ್ಪಾಲಿನ ಗೋಡೆ ಅಥವಾ ಮಾಡು ಇದ್ದರೆ ಕಚ್ಚಾ ಕಟ್ಟಡವೆಂದು ಎಣಿಸುತ್ತಾರೆ. ದರ ಹೆಚ್ಚಾಗುತ್ತದೆ, ಕೆಲವೊಮ್ಮೆ ಬೇಡವೆನ್ನುತ್ತಾರೆ. ನಮ್ಮ ಹಳೆಯ ಹೆಂಚಿನ ಮನೆಗಳು ಹಾಗೆ ಕಚ್ಚಾ ಅಲ್ಲ. ಆದರೆ ಅಟ್ಟದ ತುಂಬ ಒಣಗಿದ ಮರ, ಕೆಳಗೆ ಬಚ್ಚಲೊಲೆ, ಗೋಡೆಯಲ್ಲಿ ಅಪ್ಪನ ಕಾಲದ ವಿದ್ಯುತ್ ತಂತಿ ಇರುವ ಮನೆಯನ್ನು ನೋಡಿದ ಸರ್ವೇಯರ್ ಹುಬ್ಬೇರಿಸಿದರೆ ಅವರದೇನೂ ತಪ್ಪಿಲ್ಲ. ತಾಲ್ಲೂಕು ಕೇಂದ್ರದಿಂದ ಅಗ್ನಿಶಾಮಕ ವಾಹನ ಹೊರಟು ನಮ್ಮ ತೋಟದ ದಾರಿ ಹುಡುಕಿ ಬರುವಷ್ಟರಲ್ಲಿ ಅಟ್ಟ ಉಳಿದಿರುವುದಿಲ್ಲ.

3. ಮನೆ ಇರುವ ಜಾಗ. ಗುಡ್ಡದ ಇಳಿಜಾರೇ, ಹೊಳೆಯ ದಂಡೆಯೇ, ಗದ್ದೆ ಬಯಲೇ? ಆ ಪ್ರದೇಶದಲ್ಲಿ ಹಿಂದೆ ಏನೇನು ಆಗಿದೆ? 2018ರ ಆಗಸ್ಟ್ ಮಧ್ಯಭಾಗದ ನಂತರ ಕೊಡಗಿನ ಮನೆ ಎಂದರೆ ಹೊರಗಿನವರು ಒಂದು ಗಳಿಗೆ ಯೋಚಿಸುವಂತಾಗಿದೆ. ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಕಾಲೂರು, ನಮ್ಮ ತಾಲ್ಲೂಕಿನ ಮಾದಾಪುರ, ಗರ್ವಾಲೆ ಕಡೆಯ ಗುಡ್ಡಗಳು ತೋಟ ಮನೆಗಳ ಸಮೇತ ಜಾರಿದ್ದನ್ನು ಕಂಡಿದ್ದೇವೆ. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ; ಕುಶಾಲನಗರದ ತಗ್ಗಿನ ಬಡಾವಣೆಗಳಿಗೆ ಕಾವೇರಿ ನುಗ್ಗಿದ್ದೂ 2018 ಮತ್ತು 2019ರಲ್ಲಿಯೇ. 2022ರ ಜೂನ್ ತಿಂಗಳಲ್ಲಿ ಭೂಮಿ ಲಘುವಾಗಿ ನಡುಗಿದ್ದು ನಮ್ಮ ತಾಲ್ಲೂಕಿನವರಿಗೆ ನೆನಪಿರಬೇಕು. ಕೊಡ್ಲಿಪೇಟೆ ಹೋಬಳಿ ಮಡಿಕೇರಿಯ ಕಡೆಯಷ್ಟು ಕಡಿದಾದುದಲ್ಲ ಎಂಬುದು ನಿಜ. ಆದರೆ ಕಂಪೆನಿಯವರ ಕಣ್ಣಿಗೆ ಮೊದಲು ಬೀಳುವುದು ಜಿಲ್ಲೆಯ ಹೆಸರು. ಆದ್ದರಿಂದ ಮನೆ ಸಮತಟ್ಟಿನಲ್ಲಿದ್ದರೆ ಅದನ್ನು ಫೋಟೋ ಸಹಿತ ತೋರಿಸಿಕೊಡುವುದು ನಮ್ಮ ಕೆಲಸ.

4. ಮನೆಯ ಬಳಕೆ. ಮನೆಯ ವಿಮೆ ವಾಸದ ಮನೆಗೆ. ಹೋಂ ಸ್ಟೇ, ಮುಂಗಟ್ಟಿನ ಅಂಗಡಿ, ಬಾಡಿಗೆಯ ಗೋದಾಮು ಇದ್ದರೆ ಅಪಾಯದ ಲೆಕ್ಕವೇ ಬೇರೆ. ಮಕ್ಕಳು ಬೆಂಗಳೂರಿನಲ್ಲಿದ್ದು ಮನೆ ತಿಂಗಳುಗಟ್ಟಲೆ ಬೀಗ ಹಾಕಿದ್ದರೂ ಹಾಗೆಯೇ. ಕಳ್ಳತನದ ವಿಮೆಯಲ್ಲಂತೂ ಇಂಥ ಮನೆಗೆ ಪ್ರತ್ಯೇಕ ಷರತ್ತು ಇರುವುದು ಸಾಮಾನ್ಯ. ಮುಚ್ಚಿಟ್ಟರೆ ಕಂತು ಇಳಿಯುತ್ತದೆ, ಪರಿಹಾರದ ಹಕ್ಕೂ ಜೊತೆಗೇ ಇಳಿಯುತ್ತದೆ.

5. ಏನೇನು ಸೇರಿಸಿದ್ದೇವೆ. ಗೃಹ ರಕ್ಷಾದಲ್ಲಿ ಕಟ್ಟಡದ ವಿಮೆಯ ಶೇ. 20ರಷ್ಟು, 10 ಲಕ್ಷ ಮೀರದಂತೆ, ಮನೆಯೊಳಗಿನ ಸಾಮಾನಿಗೆ ತಾನಾಗಿಯೇ ರಕ್ಷಣೆ ಇದೆ. ಮೇಲಿನ 24 ಲಕ್ಷದ ಮನೆಗೆ ಇದು 4 ಲಕ್ಷ 80 ಸಾವಿರ. ಒಡವೆಗಳಿಗೆ ಬೇಕಾದರೆ ಬೇರೆ ಪಟ್ಟಿ, ಬೇರೆ ಕಂತು. ಕಳ್ಳತನದ ವಿಚಾರದಲ್ಲಿ ಒಂದು ಎಚ್ಚರಿಕೆ: ಬೆಂಕಿ, ಪ್ರವಾಹ ಮೊದಲಾದ ಅನಾಹುತ ನಡೆದ 7 ದಿನಗಳೊಳಗೆ ಆದ ಕಳವು ಮಾತ್ರ ಇದರಲ್ಲಿ ಸೇರುತ್ತದೆ. ಮಾಮೂಲಿ ಕನ್ನಗಳ್ಳತನಕ್ಕೆ ಪ್ರತ್ಯೇಕ ವಿಮೆ ಬೇಕು.

6. ಹೊರಗಿನ ಜಗತ್ತು. ಕೊಡ್ಲಿಪೇಟೆಯ ಹೆಂಚಿನ ಮನೆಗೂ ಅಮೆರಿಕದ ಕಾಡ್ಗಿಚ್ಚಿಗೂ ಏನು ಸಂಬಂಧ ಎಂದು ಕೇಳಬಹುದು. ವಿಮಾ ಕಂಪೆನಿಗಳೂ ತಮ್ಮ ಹೊರೆಯ ಒಂದು ಭಾಗವನ್ನು ದೊಡ್ಡ ಮರುವಿಮಾ ಕಂಪೆನಿಗಳ ಮೇಲೆ ಹೊರಿಸುತ್ತವೆ. ನಮ್ಮ ದೇಶದ ಜಿಐಸಿ ಮುಂಬಯಿಯಲ್ಲಿದೆ. ಉಳಿದವು ಬಹುತೇಕ ಪರದೇಶದವು. ಜಗತ್ತಿನ ಒಂದು ಮೂಲೆಯಲ್ಲಿ ದೊಡ್ಡ ಅನಾಹುತಗಳು ಸಾಲುಗಟ್ಟಿದರೆ ಮರುವಿಮೆಯ ದರ ಏರಿ, ಅದರ ಬಿಸಿ ನಿಧಾನವಾಗಿ ಎಲ್ಲ ಕಡೆಗೂ ತಟ್ಟುತ್ತದೆ. ನ್ಯೂಯಾರ್ಕಿನಲ್ಲಿ ಅರೇಬಿಕಾ ಬೆಲೆ ಇಳಿದರೆ ಇಲ್ಲಿ ಪಾರ್ಚ್‌ಮೆಂಟ್ ಬೆಲೆ ಇಳಿಯುವುದಿಲ್ಲವೇ? ಹಾಗೆಯೇ ಇದು. ಕ್ಯಾಲಿಫೋರ್ನಿಯದಲ್ಲಿ 2023ರಲ್ಲಿ ಅಲ್ಲಿನ ಬಹುದೊಡ್ಡ ಕಂಪೆನಿಯೊಂದು ಹೊಸ ಮನೆಗಳಿಗೆ ವಿಮೆ ಕೊಡುವುದನ್ನೇ ನಿಲ್ಲಿಸಿತು. ಅದರ ಮುಂದೆ, ಹೆಚ್ಚು ದರಕ್ಕಾದರೂ ವಿಮೆ ಸಿಗುತ್ತಿರುವುದು ಸಮಾಧಾನದ ಸಂಗತಿಯೇ ಸರಿ.

ಬರೆ ಕಡಿಯುವ ಮುನ್ನ

ಗುಡ್ಡಗಾಡಿನವರಾದ ನಮಗೆ ಪಾಲಿಸಿಯ ಅತಿ ಮುಖ್ಯವಾದ ಸಾಲು ಭೂಕುಸಿತಕ್ಕೆ ಸಂಬಂಧಿಸಿದ್ದು. ಭೂಕುಸಿತ, ಬಂಡೆ ಕುಸಿತ, ಮನೆಯ ಅಡಿಯ ನೆಲ ಕುಸಿಯುವುದು ಗೃಹ ರಕ್ಷಾದಲ್ಲಿ ಸೇರಿವೆ. ಆದರೆ ಅದರ ಪಕ್ಕದಲ್ಲಿಯೇ ಹೊರಗಿಟ್ಟ ಸಂಗತಿಗಳ ಪಟ್ಟಿಯೂ ಇದೆ: ಹೊಸ ಕಟ್ಟಡ ನೆಲಕ್ಕೆ ಕೂರುವಾಗ ಬರುವ ಸಾಧಾರಣ ಬಿರುಕು, ಮಣ್ಣು ತುಂಬಿಸಿ ಮಾಡಿದ ನೆಲ ಜಗ್ಗುವುದು, ಹೊಳೆ ದಂಡೆ ಕೊರೆಯುವುದು, ಕೆಟ್ಟ ವಿನ್ಯಾಸ ಅಥವಾ ಕಳಪೆ ಕೆಲಸ, ಮತ್ತು ಮಣ್ಣು ಅಗೆತದ ಕೆಲಸದಿಂದ ಆದ ಹಾನಿ.

ಕೊನೆಯ ಮಾತನ್ನು ಸದಸ್ಯರು ಎರಡು ಬಾರಿ ಓದಬೇಕೆಂದು ಪ್ರಾರ್ಥನೆ. ಬೇಸಿಗೆಯಲ್ಲಿ ಜೆಸಿಬಿ ತರಿಸಿ ಮನೆಯ ಹಿಂದಿನ ಬರೆಯನ್ನು ನೇರವಾಗಿ ಕಡಿದು ಕಣ ಅಗಲ ಮಾಡುವುದು, ತೆಗೆದ ಮಣ್ಣನ್ನು ಮುಂದೆ ಸುರಿದು ಅಂಗಳ ಮಾಡುವುದು ನಮ್ಮಲ್ಲಿ ವಾಡಿಕೆಯಾಗಿದೆ. ಆಗಸ್ಟ್‌ನಲ್ಲಿ ಆ ಬರೆ ಜರಿದರೆ ಅದು ದೈವಿಕವೋ, ಅಗೆತದ ಫಲವೋ ಎಂಬ ಪ್ರಶ್ನೆ ಸರ್ವೇಯರ್ ಮುಂದೆ ಏಳುತ್ತದೆ, ಉತ್ತರ ನಮಗೆ ಅನುಕೂಲವಾಗಿ ಬರಲಾರದು. 2018ರ ಕುಸಿತಗಳನ್ನು ಪರಿಶೀಲಿಸಿದ ಭೂವೈಜ್ಞಾನಿಕ ಸರ್ವೇಕ್ಷಣೆಯವರೂ ವಿಪರೀತ ಮಳೆಯ ಜೊತೆಗೆ ರಸ್ತೆ, ಕಟ್ಟಡಗಳಿಗಾಗಿ ಇಳಿಜಾರನ್ನು ಕಡಿದದ್ದನ್ನು ಕಾರಣವಾಗಿ ತೋರಿಸಿದ್ದಾರೆ. ನೀರು ಇಂಗದಂತೆ ಬರೆಯ ಮೇಲೆ ಚರಂಡಿ, ಬುಡದಲ್ಲಿ ನೀರು ಹೊರಬರಲು ಕಿಂಡಿ ಬಿಟ್ಟ ತಡೆಗೋಡೆ, ಇಳಿಜಾರಿನಲ್ಲಿ ಹುಲ್ಲು ಇವು ವಿಮೆಗಿಂತ ದೊಡ್ಡ ವಿಮೆ. ತಡೆಗೋಡೆ, ಕಾಂಪೌಂಡು, ನೀರಿನ ಟ್ಯಾಂಕು, ಸೋಲಾರ್ ಇವುಗಳನ್ನೂ ಮನೆಯ ವಿಮೆಯಲ್ಲಿ ಸೇರಿಸಲು ಅವಕಾಶವಿದೆ. ಮೊತ್ತ ಲೆಕ್ಕ ಹಾಕುವಾಗ ಬಿಟ್ಟುಬಿಡಬೇಡಿ.

ಮರ ಬೀಳುವುದು ಗೃಹ ರಕ್ಷಾದಲ್ಲಿ ಸೇರಿದೆ. ಆನೆಯ ವಿಚಾರ ಬೇರೆ. ಹಳೆಯ ಬೆಂಕಿ ವಿಮೆಯಲ್ಲಿ, ನಮ್ಮದಲ್ಲದ ಪ್ರಾಣಿ ನೇರವಾಗಿ ತಗಲಿ ಆದ ಹಾನಿ ಎಂಬ ಮಾತು ಸ್ಪಷ್ಟವಾಗಿತ್ತು. ಹೊಸದರಲ್ಲಿ 'ಹೊರಗಿನ ವಸ್ತು' ಎಂದಿದೆ. ಆನೆ ವಸ್ತುವೇ ಎಂದು ಗೋಡೆ ಬಿದ್ದ ಮೇಲೆ ವಾದಿಸುವುದಕ್ಕಿಂತ, ಪಾಲಿಸಿ ಪಡೆಯುವಾಗಲೇ ಕಂಪೆನಿಯಿಂದ ಪತ್ರಮುಖೇನ ಉತ್ತರ ಪಡೆದಿಟ್ಟುಕೊಳ್ಳುವುದು ಜಾಣತನ.

ಕಣದ ಕಾಫಿ, ಅಟ್ಟದ ಅಡಿಕೆ

ಮನೆಯ ವಿಮೆ ಇದೆಯಲ್ಲ, ಗೋದಾಮಿನ ಚೆರ್ರಿಗೂ ಅಡಿಕೆಗೂ ಅದೇ ಸಾಕು ಎಂದು ತಿಳಿದವರಿದ್ದಾರೆ. ಅದು ತಪ್ಪು. ಮನೆಬಳಕೆಯ ಸಾಮಾನು ಬೇರೆ, ಮಾರಾಟದ ಸರಕು ಬೇರೆ. ಸರಕಿಗೂ ಗೋದಾಮಿಗೂ ಬೇರೆಯೇ ಪಾಲಿಸಿ ಬೇಕು. ಆಸ್ತಿಯ ಒಟ್ಟು ಬೆಲೆ 5 ಕೋಟಿಯೊಳಗಿನ ಉದ್ಯಮಗಳಿಗೆ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ಮಾದರಿ ಪಾಲಿಸಿ 2021ರಿಂದ ಇದೆ. ಅದರಲ್ಲಿಯೂ ಸರಕು ತಾನೇ ಕಾವೇರಿ ಕೆಟ್ಟರೆ, ಅಥವಾ ಒಣಗಿಸುವ ಕ್ರಿಯೆಯಲ್ಲಿಯೇ ಹಾಳಾದರೆ ಪರಿಹಾರವಿಲ್ಲ ಎಂಬಂಥ ಷರತ್ತುಗಳಿವೆ. ಹೊಗೆಗೂಡಿನಲ್ಲಿ ಅಡಿಕೆ ಒಣಗಿಸುವವರು ಇದನ್ನು ಕೇಳಿ ತಿಳಿದುಕೊಳ್ಳಬೇಕು. ಲೈನ್ ಮನೆಗಳನ್ನು ಯಾವ ಪಾಲಿಸಿಯಲ್ಲಿ ಸೇರಿಸಿದ್ದೀರಿ ಎಂಬುದನ್ನೂ ನೋಡಿಕೊಳ್ಳಿ. ಕಾರ್ಮಿಕರ ಮಾಡೂ ನಮ್ಮ ಹೊಣೆಯೇ.

ಸದಸ್ಯರು ಈಗ ಮಾಡಬೇಕಾದದ್ದು

ಮೊದಲನೆಯದಾಗಿ, ಟೇಪು ಹಿಡಿದು ಮನೆಯನ್ನು ಅಳೆಯಿರಿ. ಊರಿನ ಮೇಸ್ತ್ರಿಯಿಂದ ಈಗಿನ ಚದರಡಿ ದರ ಕೇಳಿ ಬರೆದಿಡಿ.

ಎರಡನೆಯದಾಗಿ, ಹಳೆಯ ತಂತಿಯನ್ನು ಬದಲಾಯಿಸಿ, ಮನೆಗೆ ವಾಲಿದ ಮರವನ್ನು ಕ್ರಮಪ್ರಕಾರ ಅನುಮತಿ ಪಡೆದು ತೆಗೆಸಿ. ಕಂತು ಇಳಿಯಲಿ ಬಿಡಲಿ, ಜೀವ ಉಳಿಯುತ್ತದೆ.

ಮೂರನೆಯದಾಗಿ, ಎರಡು ಮೂರು ಕಂಪೆನಿಗಳಿಂದ ಒಂದೇ ವಿಸ್ತೀರ್ಣಕ್ಕೆ, ಒಂದೇ ಮೊತ್ತಕ್ಕೆ ದರ ಬರೆಸಿ ತನ್ನಿ. ಮೊತ್ತ ಬೇರೆಬೇರೆಯಾದರೆ ಹೋಲಿಕೆಗೆ ಅರ್ಥವಿಲ್ಲ. ಹಲವು ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಇದೆಯೇ ಎಂದೂ ಕೇಳಿ.

ನಾಲ್ಕನೆಯದಾಗಿ, ಅರ್ಜಿಯನ್ನು ಏಜೆಂಟರ ಕೈಗೆ ಖಾಲಿ ಸಹಿ ಹಾಕಿ ಕೊಡಬೇಡಿ. ಖಾತೆ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ, ಅಣ್ಣತಮ್ಮಂದಿರ ಜಂಟಿ ಮನೆಯಾಗಿದ್ದರೆ ಆ ಸಂಗತಿಯನ್ನೂ ಬರೆಸಿ, ಹಕ್ಕುದಾರರೆಲ್ಲರ ಹೆಸರು ಸೇರಿಸಿ.

ಐದನೆಯದಾಗಿ, ಪಾಲಿಸಿಯ ಅವಧಿ ಮೇ ತಿಂಗಳೊಳಗೆ ನವೀಕರಣವಾಗುವಂತೆ ನೋಡಿಕೊಳ್ಳಿ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತೆ, ಬರೆ ಬಿರುಕು ಬಿಟ್ಟ ಮೇಲೆ ವಿಮೆಗೆ ಓಡಿದರೆ ಪ್ರಯೋಜನವಿಲ್ಲ.

ಆರನೆಯದಾಗಿ, ಹಾನಿಯಾದ ಕೂಡಲೇ ಕಂಪೆನಿಗೆ ತಿಳಿಸಿ, ತೆರವು ಮಾಡುವ ಮೊದಲು ಫೋಟೋ ತೆಗೆಯಿರಿ. ತೀರ್ಮಾನ ಸರಿಯಿಲ್ಲವೆನಿಸಿದರೆ ಮೊದಲು ಕಂಪೆನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ತೃಪ್ತಿಯಾಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಅವರಿಗೆ ಬರೆಯಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಆರಂಭದಲ್ಲಿ ಹೇಳಿದ ಅಣ್ಣತಮ್ಮಂದಿರ ವಿಚಾರ. ತಮ್ಮನವರು ಈಗ ತಮ್ಮ ಪಾಲಿಸಿಯನ್ನು ಸರಿಪಡಿಸಿಕೊಂಡಿದ್ದಾರೆ. ಕೋಣೆಗಳ ಸಂಗತಿ ಬರೆಸಿದ್ದರಿಂದ ಅವರ ಕಂತು ಅಣ್ಣನಿಗಿಂತ ಸ್ವಲ್ಪ ಹೆಚ್ಚೇ ಆಯಿತು. ಅಣ್ಣನವರು ಮೊನ್ನೆ ಸಂಘಕ್ಕೆ ಬಂದಾಗ, "ಈಗ ನ್ಯಾಯವಾಯಿತು ಬಿಡಿ" ಎಂದು ನಕ್ಕರು.

ಸದಸ್ಯರಲ್ಲಿ ಯಾರಿಗಾದರೂ ತಮ್ಮ ಪಾಲಿಸಿಯ ಬಗ್ಗೆ ಸಂದೇಹವಿದ್ದರೆ ಸಂತೆಯ ದಿನ ಬೆಳಿಗ್ಗೆ ಕಾಗದಗಳೊಂದಿಗೆ ಸಂಘದ ಕಚೇರಿಗೆ ಬರಬಹುದು. ನಾವು ವಿಮೆ ಮಾರುವವರಲ್ಲ. ಒಟ್ಟಿಗೆ ಕುಳಿತು ಓದುವುದಕ್ಕೆ ಮಾತ್ರ ಸಿದ್ಧರಿದ್ದೇವೆ. ಒಮ್ಮೆ ಓದದೆ ಕೆಟ್ಟವರ ಮಾತು ಇದು.

— ಕಾರ್ಯದರ್ಶಿ